ರಾಘಣ್ಣ ವೈದ್ಯರ ಔಷಧಕ್ಕೆ ಬಗ್ಗದ ನಿದ್ದೆ

ನಿದ್ದೆ ಬರುವ ಕ್ಷಣವನ್ನು ಹಿಡಿಯಲು ಕಾದು ಕುಳಿತವನಿಗೆ ನಿದ್ದೆ ಬರುವುದಿಲ್ಲ. ಇಷ್ಟು ಸಣ್ಣ ಸಂಗತಿ ಪ್ರಲ್ಹಾದನಂಥ ಜಾಣನಿಗೆ ಹೊಳೆಯದೆ ಹೋದದ್ದಕ್ಕೆ ಅವನ ಜಾಣತನವೇ ಕಾರಣ. ರಸಾಯನಶಾಸ್ತ್ರದಲ್ಲಿ ಪದವಿ ಪಡೆದು, ಪುಣೆಯ ಕಾಲೇಜೊಂದರಲ್ಲಿ ಹುಡುಗರಿಗೆ ಪ್ರಯೋಗ ಮಾಡಿ ತೋರಿಸುವ ಕೆಲಸಕ್ಕೆ ಸೇರಿದ್ದ ಅವನಿಗೆ, ಗಾಜಿನ ಪಾತ್ರೆಯ ದ್ರವ ಯಾವ ಹನಿಗೆ ಬಣ್ಣ ಬದಲಿಸುತ್ತದೆಂದು ತಪ್ಪದೆ ಗುರುತಿಸುವುದು ರೂಢಿಯಾಗಿತ್ತು. ಎಚ್ಚರವು ನಿದ್ದೆಯಾಗಿ ಬದಲಾಗುವುದಕ್ಕೂ ಅಂಥದೇ ಒಂದು ಹನಿ ಇರಬೇಕಲ್ಲ ಎಂದು ಮಾಘದ ಒಂದು ರಾತ್ರಿ ಅವನಿಗೆ ಅನ್ನಿಸಿತು. ದಿಂಬಿನ ಪಕ್ಕ ಗಡಿಯಾರ ಇಟ್ಟುಕೊಂಡು ಕಾದ. ಹನಿ ಬೀಳಲಿಲ್ಲ. ಮರುರಾತ್ರಿಯೂ ಕಾದ. ಚಳಿಯಲ್ಲಿ ಕುತೂಹಲವಾಗಿ ಶುರುವಾದದ್ದು ಹೋಳಿಹುಣ್ಣಿಮೆಯ ಹೊತ್ತಿಗೆ ರೋಗವೇ ಆಗಿಬಿಟ್ಟಿತ್ತು.

ಸದಾಶಿವ ಪೇಠೆಯ ವಾಡೆಯೊಂದರ ಮಾಳಿಗೆಯಲ್ಲಿ ಅವನಿಗೆ ಅಡಿಗೆ ಮಾಡಿ ಹಾಕುತ್ತಿದ್ದವರು ಅವನ ಸೋದರತ್ತೆ ರಂಗೂಬಾಯಿ. ಗಂಡ ತೀರಿಕೊಂಡ ಮೇಲೂ ಪುಣೆ ಬಿಡದ, ನಲ್ಲಿಯ ಹತ್ತಿರ ಮರಾಠಿಯಲ್ಲಿ ಜಗಳ ಆಡಿ ಮನೆಗೆ ಬಂದು ಕನ್ನಡದಲ್ಲಿ ಅದನ್ನು ಮುಗಿಸುವ ಹೆಂಗಸು.

“ಕನ್ನಡಿಯೊಳಗ ಕಣ್ಣು ನೋಡಿಕೋ ಪಲ್ಲ್ಯಾ, ಕುಂಕುಮದ ಭರಣಿ ಆಗ್ಯಾವ! ಧಾರವಾಡದ ಹುಡುಗ ಭಂಗಿ ಸೇದ್ತಾನ ಅಂತ ಕೆಳಗಿನ ಮನಿಯವರು ಮಾತಾಡ್ಲಿಕ್ಕತ್ಯಾರ.”

“ಅತ್ಯಾ, ನಾನು ಬರೇ ಪರೀಕ್ಷಾ ಮಾಡಿ ನೋಡ್ಲಿಕ್ಕತ್ತಿದ್ದೆ...”

“ನಿನ್ನ ಪರೀಕ್ಷಾಕ್ಕ ಬೆಂಕಿ ಹಚ್ಚಲಿ. ಏಳು, ರಾಘಣ್ಣನ ಕಡೆ ಹೋಗೋಣು.”

ರಾಘಣ್ಣ ವೈದ್ಯರು ಧಾರವಾಡದ ಕಡೆಯವರು. ಕಸಬಾ ಪೇಠೆಯಲ್ಲಿ ಅವರ ಮನೆ. ಪುಣೆಯಲ್ಲಿ ಒಳ್ಳೆಯ ವೈದ್ಯರು ಇನ್ನೂ ಬಹಳ ಜನ ಇದ್ದರೂ ಆ ಕಡೆಯಿಂದ ಬಂದವರೆಲ್ಲ ನೆಟ್ಟಗೆ ಇವರ ಜಗಲಿಗೇ ಬರುತ್ತಿದ್ದರು. ಕಾರಣವನ್ನು ಲಕ್ಷ್ಮಿ ರಸ್ತೆಯ ಅರಿವೆ ವ್ಯಾಪಾರಿ ನಿಜಲಿಂಗಪ್ಪ ಆ ದಿನವೇ ಪ್ರಲ್ಹಾದನಿಗೆ ತಿಳಿಸಿದರು. ಹೊಟ್ಟೆಯ ವಾಯುವಿಗೆ ಔಷಧ ತೆಗೆದುಕೊಳ್ಳಲು ಬಂದು ಅವರು ಜಗಲಿಯ ಒಂದು ಮೂಲೆಯನ್ನೇ ಸ್ವಂತ ಮಾಡಿಕೊಂಡಿದ್ದರು.

“ಸಂಕಟಾ ಮರಾಠಿಯೊಳಗ ಹೇಳಿದ್ರ ಅರ್ಧಾ ಹೊಟ್ಟ್ಯಾಗ ಉಳೀತದ್ರಿ ಮಾಸ್ತರ. ಇಲ್ಲೆ ಪೂರಾ ಹೇಳಬಹುದು.”

ವೈದ್ಯರು ಪ್ರಲ್ಹಾದನ ನಾಲಗೆ ನೋಡಿದರು, ಕಣ್ಣಿನ ರೆಪ್ಪೆ ಎಳೆದು ನೋಡಿದರು, ದಿನಕ್ಕೆ ಎಷ್ಟು ಚಹಾ ಕುಡಿಯುತ್ತೀರಿ ಎಂದು ಕೇಳಿ ಉತ್ತರಕ್ಕೆ ಕಿವಿ ಮುಚ್ಚಿಕೊಂಡರು. ವಾತ ಏರಿದೆ ಎಂದರು. ಮಲಗುವ ಮುಂಚೆ ಬೆಚ್ಚಗಿನ ಎಮ್ಮೆಯ ಹಾಲಿಗೆ ಜಾಜಿಕಾಯಿಯ ಪುಡಿ ಒಂದು ಚಿಟಿಕೆ. ಅಂಗಾಲಿಗೆ ತುಪ್ಪ ಹಚ್ಚಿ ಕಂಚಿನ ಬಟ್ಟಲಿನಿಂದ ತಿಕ್ಕುವುದು. ಸಂಜೆಯ ಮೇಲೆ ಚಹಾ ಇಲ್ಲ. ಗಡಿಯಾರ ಬೇರೆ ಕೋಣೆಯಲ್ಲಿ.

ಪ್ರಲ್ಹಾದ ವಿನಯದಿಂದಲೇ ಕೇಳಿದ: “ಎಲ್ಲಾ ಕೂಡಿಸಿ ಮಾಡಿದ್ರ, ನಿದ್ದಿ ಯಾವುದರಿಂದ ಬಂತು ಅಂತ ಹೆಂಗ ತಿಳೀಬೇಕ್ರಿ? ಒಂದು ವಾರ ಬರೇ ಹಾಲು, ಇನ್ನೊಂದು ವಾರ ಬರೇ ತುಪ್ಪ...”

ಒಳಗಿನ ಬಾಗಿಲಲ್ಲಿ ಖಲ್ಲಿನ ಸದ್ದು ನಿಂತಿತು. ಅಲ್ಲಿ ಕುಳಿತು ಏನನ್ನೋ ಅರೆಯುತ್ತಿದ್ದ ಹುಡುಗಿ, ವೈದ್ಯರ ಮಗಳು ಶಾಮಲಾ, ತಲೆ ಎತ್ತಿದಳು.

“ನಿಮಗ ನಿದ್ದಿ ಬೇಕೋ, ಅದರ ಕಾರಣ ಬೇಕೋ?” ಎಂದಳು.

ನಿಜಲಿಂಗಪ್ಪ ಹೊಟ್ಟೆ ಹಿಡಿದುಕೊಂಡು ನಕ್ಕರು. ಅವಳ ಮೂಗಿನ ತುದಿಗೆ ಜಾಜಿಕಾಯಿಯ ಪುಡಿ ಅಂಟಿತ್ತು, ಪ್ರಲ್ಹಾದ ಅದನ್ನೇ ನೋಡುತ್ತಿದ್ದ.

ಔಷಧ ಕೆಲಸ ಮಾಡಿತು. ಬಿಬವೇವಾಡಿಯ ಗೌಳಿ ತಂದುಕೊಡುವ ದಪ್ಪ ಹಾಲು, ರಂಗೂಬಾಯಿ ಬೈಯುತ್ತ ಬೈಯುತ್ತ ತಿಕ್ಕಿದ ಅಂಗಾಲು; ನಾಲ್ಕೈದು ದಿನ ಕಳೆಯುವಷ್ಟರಲ್ಲಿ ಪ್ರಲ್ಹಾದ ಮಲಗಿದ ಮಗ್ಗುಲಿನಲ್ಲೇ ಬೆಳಗು ಕಾಣತೊಡಗಿದ. ಸಂತೋಷದಿಂದ ಇದನ್ನು ಹೇಳಲೆಂದೇ ಮುಂದಿನ ವಾರ ಕಸಬಾ ಪೇಠೆಗೆ ಹೋದ.

“ನಿದ್ದಿ ಬಂತೋ? ಬಂದಿದ್ರ ಮುಗೀತು,” ಎಂದರು ವೈದ್ಯರು. “ಇನ್ನ ನೀವು ಇತ್ಲಾಗ ಬರೂ ಕಾರಣ ಇಲ್ಲ.”

ಆಗಲೇ ಶಾಮಲಾ ಪುಡಿಯ ಪೊಟ್ಟಣ ಹಿಡಿದು ಹೊರಗೆ ಬಂದಳು. ಪ್ರಲ್ಹಾದ ಅವಳನ್ನು ನೋಡಿದ. ಇನ್ನು ಬರುವ ಕಾರಣ ಇಲ್ಲ ಎಂಬ ಮಾತು ಅವನ ಕಿವಿಯಲ್ಲಿ ತಡವಾಗಿ ಇಳಿಯಿತು.

“ಇಲ್ರಿ,” ಎಂದ. “ಒಂದು ಕಣ್ಣೆವಿ ಸುದ್ದಾ ಕೂಡಿಲ್ಲ.”

ಪ್ರಯೋಗದ ಫಲವನ್ನು ಅವನು ತಿರುಚಿ ಹೇಳಿದ್ದು ಬಾಳಿನಲ್ಲಿ ಅದೇ ಮೊದಲು. ಇಷ್ಟು ಸುಲಭವೇ ಎಂದು ಅವನಿಗೇ ಆಶ್ಚರ್ಯವಾಯಿತು.

ವೈದ್ಯರು ಚಿಟಿಕೆಯನ್ನು ಹೆಚ್ಚಿಸಿದರು. ಅವನು ಇನ್ನೂ ಗಾಢವಾಗಿ ಮಲಗಿದ. ಮತ್ತೆ ಹೋಗಿ, ರಾತ್ರಿಯೆಲ್ಲ ಜಂತಿ ಎಣಿಸಿದೆ ಎಂದ. ವೈದ್ಯರು ಮತ್ತೆ ಹೆಚ್ಚಿಸಿದರು, ನೆತ್ತಿಗೆ ಬ್ರಾಹ್ಮಿ ಎಣ್ಣೆ ಸೇರಿಸಿದರು. ಈಗ ಪ್ರಲ್ಹಾದನಿಗೆ ಹಗಲಿನಲ್ಲೂ ಕಣ್ಣು ಎಳೆಯತೊಡಗಿತು. ಪ್ರಯೋಗಾಲಯದಲ್ಲಿ ನಿಂತಲ್ಲೇ ತೂಕಡಿಸಿದಾಗ ಹುಡುಗರು ಅವನ ಮೂಗಿನ ಹತ್ತಿರ ಅಮೋನಿಯಾ ಹಿಡಿಯಬೇಕಾಯಿತು. ಲಕಡಿ ಪುಲ್ ಮೇಲೆ ಸೈಕಲ್ಲನ್ನು ದಾರಿಗೆ ಅಡ್ಡ ನಿಲ್ಲಿಸಿ ಒಂದು ನಿಮಿಷ ನದಿ ನೋಡೋಣವೆಂದು ನಿಂತವನನ್ನು ಟಾಂಗಾದವನೊಬ್ಬ “ಅಹೋ ಮಾಸ್ತರ್, ಉಠಾ!” ಎಂದು ಎಬ್ಬಿಸಿದಾಗ ಹಿಂದೆ ಗಾಡಿಗಳ ಸಾಲೇ ನಿಂತಿತ್ತು. ಪುಣೆಯಲ್ಲಿ ಅವನಷ್ಟು ನಿದ್ದೆ ಮಾಡುವ ಮನುಷ್ಯ ಇನ್ನೊಬ್ಬನಿರಲಿಲ್ಲ. ನಿದ್ದೆ ಇಲ್ಲವೆಂದು ಅವನಷ್ಟು ಚೆನ್ನಾಗಿ ವರ್ಣಿಸುವವನೂ ಇರಲಿಲ್ಲ.

ಒಂದು ದಿನ ರಂಗೂಬಾಯಿ ಬೆಳಗಿನ ಒಲೆಯ ಮುಂದೆ ಅವನನ್ನು ಹಿಡಿದು ನಿಲ್ಲಿಸಿದರು.

“ನಿನ್ನ ಗೊರಕಿಗೆ ಕೆಳಗಿನ ಮನಿಯವರು ಭೂಕಂಪ ಅಂತ ಮಕ್ಕಳನ್ನ ಎತ್ತಿಕೊಂಡು ಅಂಗಳಕ್ಕ ಬಂದಾರ. ನೀ ವೈದ್ಯರಿಗೆ ನಿದ್ದಿ ಇಲ್ಲ ಅಂದೀಯಂತ. ನಿಜಲಿಂಗಪ್ಪ ಹೇಳಿದ. ಯಾಕ?”

ಪ್ರಲ್ಹಾದ ಹಾಲಿನ ಲೋಟದೊಳಗೆ ನೋಡಿದ. ಕಿವಿ ಕೆಂಪಾಯಿತು. ರಂಗೂಬಾಯಿ ಅವನ ಕಿವಿಯನ್ನು ಸ್ವಲ್ಪ ಹೊತ್ತು ನೋಡಿ, ಸೌಟು ಕೆಳಗಿಟ್ಟರು.

“ಅಯ್ಯ ನನ್ನಪ್ಪಾ! ಮೊದಲ ಹೇಳಬಾರದ? ನಾನು ನಿನಗ ಹುಚ್ಚು ಹಿಡೀತು ಅಂತ ಮಾರುತಿಗೆ ಎಣ್ಣಿ ಹರಕಿ ಹೊತ್ತೀನಿ.”

ಅಂದೇ ಸೀರೆ ಬದಲಿಸಿ ಕಸಬಾ ಪೇಠೆಗೆ ಹೋದರು. ಹೋಗುವಾಗ ಇದ್ದ ಮುಖ ಬರುವಾಗ ಇರಲಿಲ್ಲ.

“ಗೋತ್ರ ಬ್ಯಾರೆ ಅದ. ಜಾತಕಾ ಕೂಡ್ತದ. ಹುಡುಗ ಸಂಭಾವಿತ, ನೌಕರಿ ಛಲೋ ಅದ ಅಂತ ಅವನೇ ಅಂದ. ಆದ್ರ ಕೊಡೂದಿಲ್ಲ ಅಂದ.”

“ಯಾಕಂತ?”

“ನಿನಗ ನಿದ್ದಿ ಇಲ್ಲಲ್ಲ! ‘ನನ್ನ ಔಷಧಕ್ಕ ಬಗ್ಗದ ರೋಗಿ ನನ್ನ ಅಳಿಯ ಆದ್ರ, ಪುಣೇದಾಗಿನ ವೈದ್ಯರೆಲ್ಲಾ ನನ್ನ ಬಾಗಿಲಿಗೆ ಬಂದು ನಕ್ಕು ಹೋಗ್ತಾರ’ ಅಂದ. ಈ ರವಿವಾರ ಮಧ್ಯಾಹ್ನ ಶಿರೋಧಾರಾ ಮಾಡ್ತಾನಂತ. ‘ಅದಕ್ಕೂ ಮಲಗಲಿಲ್ಲಂದ್ರ ಬ್ಯಾರೆ ವೈದ್ಯರನ್ನ ನೋಡ್ರಿ, ಬ್ಯಾರೆ ಹೆಣ್ಣನ್ನೂ ನೋಡ್ರಿ’ ಅಂತ ಕಡ್ಡಿ ಮುರಿದ್ಹಂಗ ಹೇಳಿದ.”

“ಮತ್ತ ನೀನು ಖರೆ ಸಂಗತಿ ಹೇಳಬೇಕಿತ್ತಲ್ಲ ಅತ್ಯಾ!”

“ಏನಂತ ಹೇಳ್ಲಿ? ಸುಳ್ಳು ಅಂತ ಹೇಳಿದ್ರ ನೀ ಸುಳ್ಳುಗಾರ. ಖರೆ ಅಂತ ಬಿಟ್ರ ನೀ ರೋಗಿ. ಎರಡರಾಗ ಯಾವುದಕ್ಕ ಹೆಣ್ಣು ಕೊಡ್ತಾರ?”

ಪ್ರಲ್ಹಾದ ಯೋಚಿಸಿದ. ಸೇತುವೆಯ ಮೇಲೆ ನಿಂತು ಮಲಗಬಲ್ಲವನು ರವಿವಾರ ವೈದ್ಯರ ಕಣ್ಣೆದುರಿಗೆ ಅಡ್ಡಾಗಿ ಮಲಗಲಾರನೇ? ಒಂದು ಗಳಿಗೆ ಗೊರಕೆ ಹೊಡೆದರೆ ಸಾಕು. ವೈದ್ಯರಿಗೆ ಕೀರ್ತಿ, ತನಗೆ ಶಾಮಲಾ. ಲೆಕ್ಕ ಇಷ್ಟು ಸರಳವಾಗಿರುವುದು ಕಂಡು ಅವನಿಗೆ ಬಹಳ ಉಲ್ಲಾಸವಾಯಿತು. ಆ ಉಲ್ಲಾಸದಲ್ಲೇ ಆ ರಾತ್ರಿ ಹಾಸಿಗೆಗೆ ಹೋದ, ಕಣ್ಣು ಮುಚ್ಚಿದ, ರವಿವಾರ ನಿದ್ದೆ ಬಾರದಿದ್ದರೆ ಎಂಬ ಯೋಚನೆ ಎಲ್ಲಿಂದಲೋ ಬಂದು ಎದೆಯ ಮೇಲೆ ಕುಳಿತಿತು. ಅಷ್ಟೇ. ನಿದ್ದೆ ಹಾರಿಹೋಯಿತು. ಹಾಲು ಕುಡಿದ, ತುಪ್ಪ ತಿಕ್ಕಿಸಿಕೊಂಡ, ಪುಡಿಯನ್ನು ಸುಮ್ಮನೆ ನೆಕ್ಕಿಯೂ ನೋಡಿದ. ಇಷ್ಟು ದಿನ ಸುಳ್ಳು ಹೇಳಿ ಕರೆದ ರೋಗ ಈಗ ನಿಜವಾಗಿ ಗಂಟುಮೂಟೆ ಸಮೇತ ಬಂದಿತ್ತು.

ವೈಶಾಖದ ರವಿವಾರ. ಬಿಸಿಲಿಗೆ ಕಸಬಾ ಪೇಠೆಯ ಹೆಂಚುಗಳು ಚಟಪಟ ಎನ್ನುತ್ತಿದ್ದವು. ಉಳಿದ ಋತುಗಳಲ್ಲಿ ಹಗಲುನಿದ್ದೆ ಕೂಡದು, ಬೇಸಿಗೆಯಲ್ಲಿ ಮಾತ್ರ ಶಾಸ್ತ್ರದ ಅಪ್ಪಣೆ ಇದೆ ಎಂದು ವೈದ್ಯರು ಬಂದವರಿಗೆಲ್ಲ ವಿವರಿಸುತ್ತಿದ್ದರು. ಬಂದವರೆಂದರೆ ರಂಗೂಬಾಯಿ, ಅವರ ಕಂಕುಳಲ್ಲಿ ದೊಡ್ಡದೊಂದು ಹಿತ್ತಾಳೆಯ ಪಾತ್ರೆ. ಮತ್ತು ಕರೆಯದೆ ಬಂದ ನಿಜಲಿಂಗಪ್ಪ.

“ಇದೇನ್ರಿ ಇಷ್ಟು?” ಎಂದರು ಶಾಮಲಾಳ ತಾಯಿ ಗಂಗೂಬಾಯಿ.

“ಕಸಕಸಿ ಪಾಯಸರಿ. ಧಾರಾ ಆದ ಮ್ಯಾಲೆ ಅವಂಗ ಒಂದು ಬಟ್ಟಲಾ ಕೊಡ್ರಿ ಅಂತ ರಾಘಣ್ಣನೇ ಹೇಳಿದ್ದ.”

“ಒಂದು ಬಟ್ಟಲಾ ಅಂದ್ರ ಇದು ಹಂಡೇನ ಅದ!”

“ಒಬ್ಬನ ಸಲುವಾಗಿ ಸಿಹಿ ಮಾಡಿ ಮತ್ತೊಬ್ಬರ ಮನಿಗೆ ಒಯ್ಯೂದು ಎಲ್ಲೆರೆ ಅದನ? ಎಲ್ಲಾರೂ ಕುಡೀರಿ. ಬೆಲ್ಲಾ ಜಾಸ್ತಿ ಹಾಕೀನಿ.”

ನಿದ್ದೆ ತರುವ ಗಸಗಸೆಯನ್ನು ಔಷಧವೆಂದು ಹೇಳಿದ್ದರೆ ಯಾರೂ ಮುಟ್ಟುತ್ತಿರಲಿಲ್ಲ. ಪಾಯಸವೆಂದರೆ ಬೇಡ ಎನ್ನುವುದು ಆ ಮನೆಯಲ್ಲಿ ಪದ್ಧತಿ ಇರಲಿಲ್ಲ. ನಿಜಲಿಂಗಪ್ಪ ಜಗಲಿಯಲ್ಲೇ ತರಿಸಿಕೊಂಡರು. ಗಂಗೂಬಾಯಿ, ರಂಗೂಬಾಯಿ ನಿಂತಲ್ಲೇ ಕುಡಿದರು. ವೈದ್ಯರು ಗುಣ ಪರೀಕ್ಷೆಗೆಂದು ಒಂದು ಬಟ್ಟಲು, ಗುಣ ಖಚಿತವಾದದ್ದಕ್ಕೆ ಇನ್ನೊಂದು ಬಟ್ಟಲು ಕುಡಿದರು. ರೋಗಿಯ ಹೊಟ್ಟೆ ಹಗುರ ಇರಬೇಕೆಂದು ಪ್ರಲ್ಹಾದನಿಗೆ ಮಾತ್ರ ಕೊಡಲಿಲ್ಲ. ಎಲ್ಲರಿಗೂ ಬಡಿಸಿದ ಶಾಮಲಾಳಿಗೆ ಪಾತ್ರೆಯಲ್ಲಿ ಬರೀ ಸೌಟು ಉಳಿದಿತ್ತು.

ಪ್ರಲ್ಹಾದನನ್ನು ಮರದ ಹಲಗೆಯ ಮೇಲೆ ಅಂಗಾತ ಮಲಗಿಸಿ, ಕಣ್ಣಿನ ಮೇಲೆ ಹತ್ತಿ ಇಟ್ಟರು. ಜಂತಿಯಿಂದ ಇಳಿಬಿಟ್ಟ ತಾಮ್ರದ ಪಾತ್ರೆಯ ತಳದಲ್ಲಿ ಒಂದು ತೂತು. ಅದರಿಂದ ಬೆಚ್ಚಗಿನ ಎಣ್ಣೆ ದಾರದಂತೆ ಅವನ ಹಣೆಗೆ ಇಳಿಯತೊಡಗಿತು. ವೈದ್ಯರು ತಲೆಯ ಹಿಂದೆ ಕುಳಿತು ಪಾತ್ರೆಯನ್ನು ಅತ್ತ ಇತ್ತ ಮೆಲ್ಲಗೆ ತೂಗುತ್ತಿದ್ದರು. ಎಣ್ಣೆ ಎಡ ಹುಬ್ಬಿನಿಂದ ಬಲ ಹುಬ್ಬಿಗೆ ಹೋಗಿ ಬಂತು. ಎಂಥ ಸುಖ! ಇಂಥ ಸುಖದಲ್ಲೂ ಮಲಗದಿದ್ದರೆ ಗತಿ ಏನು ಎಂದು ಪ್ರಲ್ಹಾದ ಹತ್ತಿಯ ಕೆಳಗೆ ಕಣ್ಣನ್ನು ಇನ್ನೂ ಬಿಗಿಯಾಗಿ ಮುಚ್ಚಿದ.

ಮೊದಲು ಜಗಲಿಯಿಂದ ಒಂದು ಗೊರಕೆ ಕೇಳಿಸಿತು. ನಿಜಲಿಂಗಪ್ಪನವರದು. ಆಮೇಲೆ ಗೋಡೆಯ ಕಡೆಯಿಂದ ರಂಗೂಬಾಯಿಯದು. ಅದು ಅವನಿಗೆ ಪರಿಚಿತ. ಗಂಗೂಬಾಯಿಯ ಬೀಸಣಿಗೆ ನೆಲಕ್ಕೆ ಬಿತ್ತು. ಸ್ವಲ್ಪ ಹೊತ್ತಿಗೆ ಹಣೆಯ ಮೇಲಿನ ಎಣ್ಣೆ ಅತ್ತಿತ್ತ ಹೋಗುವುದನ್ನು ಬಿಟ್ಟು ಒಂದೇ ಕಡೆ ನಿಂತು, ಸೀದಾ ಎಡಗಿವಿಯೊಳಗೆ ಇಳಿಯತೊಡಗಿತು.

“ವೈದ್ಯರ?” ಎಂದ ಪ್ರಲ್ಹಾದ ಮೆಲ್ಲಗೆ.

ವೈದ್ಯರು ಗೊರಕೆಯಲ್ಲಿ ಉತ್ತರ ಕೊಟ್ಟರು.

ಯಾರೋ ಬಂದು ಪಾತ್ರೆಯನ್ನು ಹಿಡಿದರು. ಎಣ್ಣೆ ಕಿವಿ ಬಿಟ್ಟು ಮತ್ತೆ ಹಣೆಗೆ ಬಂತು.

“ಹತ್ತಿ ತಗೀಬ್ಯಾಡ್ರಿ, ಕಣ್ಣಿಗೆ ಎಣ್ಣಿ ಹೋಗ್ತದ,” ಎಂದಿತು ಶಾಮಲಾಳ ದನಿ. “ಎಲ್ಲಾರೂ ಮಲಗ್ಯಾರ. ನೀವೊಬ್ಬರು ಉಳದೀರಿ.”

“ನನಗ ನಿದ್ದಿ ಬರವಲ್ದು,” ಎಂದ ಪ್ರಲ್ಹಾದ ದುಃಖದಿಂದ.

“ಇದು ಖರೆ ನಿದ್ದಿ ಬರದ್ದೋ, ದಿನಾ ಹೇಳೂವಂಥಾದ್ದೋ?”

ಅವನು ಬಾಯಿ ತೆರೆದ, ಎಣ್ಣೆ ಒಳಗೆ ಹೋಯಿತು, ಮುಚ್ಚಿದ.

“ಹಿಂದಿನ ತಿಂಗಳು ನೀವು ನಮ್ಮ ಜಗಲಿ ಮ್ಯಾಲೆ ನಿಜಲಿಂಗಪ್ಪನವರ ಹೆಗಲಿಗೆ ತಲಿ ಇಟ್ಟು ಮಲಗಿದ್ರಿ. ನಾ ಎಬ್ಬಿಸಿ ಒಳಗ ಕಳಿಸಿದೆ. ಒಳಗ ಹೋಗಿ ಅಪ್ಪನ ಮುಂದ, ‘ಕಣ್ಣು ಮುಚ್ಚಿ ಎಷ್ಟೋ ದಿನಾ ಆತು’ ಅಂದ್ರಿ. ನಾನು ಬಾಗಿಲ ಹಿಂದ ನಿಂತು ಬಾಯಿಗೆ ಸೆರಗು ತುರುಕಿಕೊಂಡು ನಗ್ಲಿಕ್ಕತ್ತಿದ್ದೆ.”

“ಮತ್ತ ಅಪ್ಪಗ ಯಾಕ ಹೇಳ್ಲಿಲ್ಲ?”

ಎಣ್ಣೆ ಬಲ ಹುಬ್ಬಿನ ಮೇಲೆ ಒಂದು ಕ್ಷಣ ತಡೆಯಿತು.

“ಹೇಳಿದ್ರ ನೀವು ಬರೂದು ನಿಂತ್ಹೋಗ್ತಿತ್ತಲ್ಲ,” ಎಂದಳು.

ಪ್ರಲ್ಹಾದನಿಗೆ ಹಲಗೆ ನೆಲದಿಂದ ಮೇಲಕ್ಕೆ ಎದ್ದಂತೆ ಅನ್ನಿಸಿತು. ಶಾಮಲಾ ಬೇಗಬೇಗ ಮಾತು ಮುಂದುವರಿಸಿದಳು: “ಆದ್ರ ಅಂಜಿಕಿ ಬಂತು. ಅಪ್ಪ ವಾರಾ ವಾರಾ ಚಿಟಿಕಿ ಹೆಚ್ಚಸಲಿಕ್ಕತ್ತಿದ್ದ. ಜಾಜಿಕಾಯಿ ಜಾಸ್ತಿ ಆದ್ರ ತಲಿ ತಿರಗ್ತದ. ಅದಕ್ಕ ಪುಡಿ ಕಟ್ಟೂವಾಗ ಹೆಚ್ಚಿಂದು ನಾನ ತಗದು ಬಿಡ್ತಿದ್ದೆ. ನೀವು ಇವತ್ತಿನ ತನಕಾ ಕುಡದದ್ದು ಮೊದಲನೇ ವಾರದ ಚಿಟಿಕೀನ.”

ಪ್ರಲ್ಹಾದ ಹತ್ತಿಯ ಕೆಳಗೆ ಕಣ್ಣು ಬಿಟ್ಟ. “ಹಂಗಾರ ನಾನು ಪ್ರಯೋಗಾಲಯದೊಳಗ ನಿಂತು ಮಲಗಿದ್ದು? ಪುಲ್ ಮ್ಯಾಲೆ ಟಾಂಗಾ ನಿಲ್ಲಿಸಿದ್ದು?”

“ಅದು ನಿಮ್ಮ ಸ್ವಂತ ಪ್ರತಿಭಾ.”

ನಗು ಅವನ ಹೊಟ್ಟೆಯಿಂದ ಎದ್ದಿತು. ತಡೆಯಲು ನೋಡಿದ, ಹಲಗೆ ಗಡಗಡ ಅಲುಗಿತು. ಶಾಮಲಾಳಿಗೂ ನಗು ಬಂದು ಪಾತ್ರೆ ವಾಲಾಡಿತು. ಎಣ್ಣೆ ಗಲ್ಲಕ್ಕೆ, ಕುತ್ತಿಗೆಗೆ, ಕೊನೆಗೆ ಮೂಗಿನೊಳಗೆ ಹೋಯಿತು. ಪ್ರಲ್ಹಾದ ಸೀನಿದ. ಆ ಸೀನಿಗೆ ರಾಘಣ್ಣ ವೈದ್ಯರು “ಹಾಂ! ಮಲಗಿದ್ರೇನು?” ಎಂದು ಎದ್ದು ಕುಳಿತರು.

ರೋಗಿ ಹಲಗೆಯ ಮೇಲೆ ಕುಳಿತಿದ್ದ. ಹತ್ತಿ ಜಾರಿತ್ತು. ಎರಡು ಕಣ್ಣೂ ದೀಪದಂತೆ ಉರಿಯುತ್ತಿದ್ದವು.

ವೈದ್ಯರ ಮುಖ ನೋಡಿ ಪ್ರಲ್ಹಾದನ ನಗು ನಿಂತುಹೋಯಿತು. ಅವರಿಗೆ ಸಿಟ್ಟು ಬಂದಿರಲಿಲ್ಲ, ಸೋತಿದ್ದರು. ಎಷ್ಟೋ ವರ್ಷ ಊರವರ ಸಂಕಟಗಳನ್ನು ಇಳಿಸಿದ ಆ ಕೈಗಳನ್ನು ಅವರು ತೊಡೆಯ ಮೇಲೆ ಇಟ್ಟುಕೊಂಡು, ಬೇರೆ ಯಾರದೋ ಕೈಗಳೆಂಬಂತೆ ನೋಡುತ್ತಿದ್ದರು.

“ನನ್ನಿಂದ ಆಗಲಿಲ್ಲ ಪ್ರಲ್ಹಾದರಾವ್,” ಎಂದರು. “ನನಗ ಗೊತ್ತಿದ್ದದ್ದೆಲ್ಲಾ ಮಾಡಿದೆ.”

ಈಗ ಅಡ್ಡಾಗಿ ಗೊರಕೆ ನಟಿಸಿದರೂ ನಂಬುತ್ತಿದ್ದರೇನೋ. ಪ್ರಲ್ಹಾದನಿಗೆ ಅದು ಆಗಲಿಲ್ಲ. ಹೆಣ್ಣು ಕೈತಪ್ಪಿದರೂ ಸರಿ, ಈ ಮನುಷ್ಯ ಸೋತೆನೆಂದು ತಿಳಿದುಕೊಳ್ಳುವುದು ಬೇಡ ಎನ್ನಿಸಿತು.

“ನಿಮ್ಮ ಮೊದಲನೇ ಪುಡಿಗೇ ನನಗ ಗುಣಾ ಆಗಿತ್ತ್ರಿ,” ಎಂದ. “ಆಮ್ಯಾಲೆ ನಾ ಹೇಳಿದ್ದೆಲ್ಲಾ ಸುಳ್ಳು. ನಾನು ಗೋಡಿಗೆ ಒರಗಿದ್ರೂ ಮಲಗ್ತೀನಿ. ಈ ನಾಲ್ಕು ದಿನಾ ಮಾತ್ರ ಖರೇನ ನಿದ್ದಿ ಇಲ್ಲ, ಇವತ್ತಿನ ಅಂಜಿಕಿಗೆ.”

ವೈದ್ಯರು ತೊಡೆಯ ಮೇಲಿನ ಕೈಗಳಿಂದ ಕಣ್ಣೆತ್ತಿದರು.

“ಮೊದಲನೇ ಪುಡಿಗೇ?”

“ಹೌದ್ರಿ.”

“ಬರೇ ಒಂದು ಚಿಟಿಕಿಗೆ? ಬ್ರಾಹ್ಮಿ ಎಣ್ಣಿ ಸುದ್ದಾ ಇಲ್ಲದ?” ಅವರ ಬೆನ್ನು ನೆಟ್ಟಗಾಯಿತು. “ಕನಸು ಬಿದ್ದಿದ್ದುವೋ? ಇಲ್ಲ? ಭೇಷ್! ನಿಜಲಿಂಗಪ್ಪಾ, ಏಳ್ರಿ! ಮೊದಲನೇ ಪುಡಿಗೇ ಗುಣಾ ಆಗ್ಯದಂತ!”

“ನನಗೇನ್ರಿ?” ಎಂದರು ನಿಜಲಿಂಗಪ್ಪ ಜಗಲಿಯಿಂದ, ಕಣ್ಣು ತೆರೆಯದೆ. “ನನ್ನ ವಾಯು ಹಂಗ ಅದ.”

ಗಂಗೂಬಾಯಿ, ರಂಗೂಬಾಯಿ ಇಬ್ಬರೂ ಎದ್ದು ಕುಳಿತು ಸೆರಗು ಸರಿಮಾಡಿಕೊಂಡರು. ವೈದ್ಯರು ಕೋಣೆಯಲ್ಲಿ ಒಂದು ಸುತ್ತು ಹಾಕಿದರು, ಎರಡನೆಯ ಸುತ್ತಿನ ನಡುವೆ ಅವರಿಗೆ ಸಿಟ್ಟು ನೆನಪಾಯಿತು.

“ಹಂಗಾರ ಇಷ್ಟು ದಿನಾ ನನ್ನ ನಿದ್ದಿ ಯಾಕ ಕೆಡಿಸಿದ್ರಿ? ನಿಮ್ಮ ಚಿಂತಿಗೆ ರಾತ್ರಿ ಎದ್ದೆದ್ದು ಪೋಥಿ ತಿರುವಿ ಹಾಕೀನಿ ನಾನು! ವೈದ್ಯನ ಮುಂದ ಸುಳ್ಳ್ಯಾಕ ಹೇಳಿದ್ರಿ?”

ಪ್ರಲ್ಹಾದ ನೋಡಬಾರದ ಕಡೆ ನೋಡಿದ. ಶಾಮಲಾ ಎಣ್ಣೆಯ ಪಾತ್ರೆಯ ಹಿಂದೆ ಮುಖ ಮರೆಸಿದಳು. ತಾಮ್ರದ ಪಾತ್ರೆ ಮುಖಕ್ಕಿಂತ ಸಣ್ಣದಿತ್ತು.

“ನಿಮಗ ಮಂದಿ ನಾಡಿ ತಿಳೀತದ,” ಎಂದರು ಗಂಗೂಬಾಯಿ ಗಂಡನಿಗೆ. “ಮನಿಯೊಳಗಿಂದು ಒಂದೂ ತಿಳಿಯಂಗಿಲ್ಲ.”

ವೈದ್ಯರು ಮಗಳನ್ನು ನೋಡಿದರು, ತಲೆಯಿಂದ ಎಣ್ಣೆ ಸೋರುತ್ತಿದ್ದ ಪ್ರಲ್ಹಾದನನ್ನು ನೋಡಿದರು. ಮತ್ತೆ ಮಣೆಯ ಮೇಲೆ ಕುಳಿತರು.

“ಒಂದ ಪುಡಿಗೆ ಗುಣಾ ಆದ ದೇಹ,” ಎಂದು ತಮಗೆ ತಾವೇ ಹೇಳಿಕೊಂಡರು. “ಇಂಥಾ ದೇಹ ನನ್ನ ಕೈಗೆ ಮತ್ತ ಸಿಗೂದಿಲ್ಲ. ಇದನ್ನ ಬ್ಯಾರೆಯವರ ಮನಿಗೆ ಹೆಂಗ ಬಿಡ್ಲಿ?”

“ಬಿಡಬ್ಯಾಡ್ರಿ!” ಎಂದರು ರಂಗೂಬಾಯಿ ಕೂಡಲೇ.

“ಆದ್ರ ಇನ್ನ ಮ್ಯಾಲೆ ಸುಳ್ಳು ಹೇಳಬಾರದು.”

“ಹೇಳಂಗಿಲ್ಲ. ಏ ಪಲ್ಲ್ಯಾ, ಹೇಳಂಗಿಲ್ಲ ಅನ್ನು.”

ಉತ್ತರ ಬರಲಿಲ್ಲ. ಪ್ರಲ್ಹಾದ ‘ಬಿಡ್ಲಿ’ ಎಂಬ ಮಾತಿನವರೆಗೆ ಕೇಳಿದ್ದ. ಆಮೇಲೆ ಎದೆಯ ಮೇಲೆ ಕುಳಿತಿದ್ದದ್ದು ಎದ್ದುಹೋಗಿ, ಅವನು ಹಲಗೆಯ ಮೇಲೆ ಮಗ್ಗುಲಾಗಿದ್ದ. ಯಾವ ಹನಿಗೆ ನಿದ್ದೆ ಬಂತೆಂದು ನೋಡುವವರು ಯಾರೂ ಇರಲಿಲ್ಲ. ಮೊದಲ ಗೊರಕೆಗೆ ಕಿಟಕಿಯ ಪಾರಿವಾಳಗಳು ಹಾರಿದವು.

“ಅಯ್ಯ, ಎಬ್ಬಸ್ರಿ ಅವನ್ನ!” ಎಂದು ರಂಗೂಬಾಯಿ ಎದ್ದರು. “ಇಂಥಾ ಹೊತ್ತಿನಾಗ! ಹುಡುಗನ ಬಾಯಿಂದ ಹೂಂ ಅನ್ನೂದಾದ್ರೂ ಕೇಳಬೇಕಲ್ಲ.”

“ಮುಟ್ಟಬ್ಯಾಡ್ರಿ!” ವೈದ್ಯರು ಅಡ್ಡ ಕೈ ಹಿಡಿದರು. “ನನ್ನ ರೋಗಿ ಮಲಗ್ಯಾನ. ನಾನು ಸ್ವಂತ ಕಣ್ಣಿಲೆ ನೋಡ್ಲಿಕ್ಕತ್ತೀನಿ.” ಮಗ್ಗುಲಾದವನ ಬಲಗೈಯನ್ನು ಮೆಲ್ಲಗೆ ಎತ್ತಿಕೊಂಡು ಮಣಿಕಟ್ಟಿನ ಮೇಲೆ ಮೂರು ಬೆರಳು ಇಟ್ಟರು. ಕಣ್ಣು ಮುಚ್ಚಿದರು. ನಿಜಲಿಂಗಪ್ಪ ಕೂಡ ಹೊಸ್ತಿಲ ತನಕ ಬಂದು ಕತ್ತು ಚಾಚಿದರು.

“ಏನಂತದ್ರಿ?” ಎಂದರು ಗಂಗೂಬಾಯಿ.

“ಹೂಂ ಅಂತದ,” ಎಂದರು ವೈದ್ಯರು ಗಂಭೀರವಾಗಿ. “ಭಾಳ ಗಟ್ಟಿಯಾಗಿ ಅಂತದ.”

ಶಾಮಲಾ ಪಾತ್ರೆಯನ್ನು ಬಿಟ್ಟು ಬಂದು ತಂದೆಯ ಎದುರಿಗೆ ಕುಳಿತಳು. ಎಣ್ಣೆಗೈಯನ್ನು ಸೆರಗಿಗೆ ಒರೆಸಿ, ಮುಂದೆ ಚಾಚಿದಳು.

“ನನ್ನದೂ ನೋಡ್ರಿ ಅಪ್ಪಾ. ಯಾರೂ ಕೇಳಲೇ ಇಲ್ಲ.”